ಸಮುದ್ರ ಬತ್ತಿಸೋಕಾಗಲ್ಲ: ಹೈದರ್, ಸುಫ್ರೆನ್ ಮತ್ತು ಒಂದು ಡಾಕ್‌ಯಾರ್ಡು

ಟ್ರಫಾಲ್ಗರ್ ಯುದ್ಧದ ನೆಲ್ಸನ್ ಹೆಸರು ಎಲ್ಲರೂ ಕೇಳಿರ್ತೀರ. ಲಂಡನ್ನಿನ ನಟ್ಟನಡುವೆ ಅಷ್ಟೆತ್ತರದ ಕಂಬದ ಮೇಲೆ ನಿಂತಿದ್ದಾನಲ್ಲ, ಅದೇ ಪುಣ್ಯಾತ್ಮ. ಆ ಮನುಷ್ಯ ಜೀವನದಲ್ಲಿ ಮೊಟ್ಟಮೊದಲ ಸಲ ಸಮುದ್ರದ ಮೇಲೆ ಕಾದಾಟ ನೋಡಿದ್ದು ಯಾರ ಜೊತೆ ಗೊತ್ತಾ? ಫ್ರೆಂಚರ ಜೊತೆ ಅಲ್ಲ, ಸ್ಪೇನಿನವರ ಜೊತೆಯೂ ಅಲ್ಲ. ನಮ್ಮ ಹೈದರ್ ಅಲಿಯ ಹಡಗುಗಳ ಜೊತೆ! 1775ರ ಫೆಬ್ರವರಿಯಲ್ಲಿ ನೆಲ್ಸನ್‌ಗೆ 16 ವರ್ಷ. ಸೀಹಾರ್ಸ್ ಅನ್ನೋ ಹಡಗಿನಲ್ಲಿ ಕಲಿಕೆಯ ಹುಡುಗ. ಕಂಪನಿಯ ಹಣ ಹೊತ್ತು ಆ ಹಡಗು ಮುಂಬಯಿ ಕಡೆ ಹೋಗ್ತಿದ್ದಾಗ ಹೈದರನ ಎರಡು ಸಣ್ಣ ಯುದ್ಧನೌಕೆಗಳು ಎದುರಾದವು. ಸ್ವಲ್ಪ ಹೊತ್ತು ಗುಂಡು ಹಾರಿದವು, ಆಮೇಲೆ ಮೈಸೂರಿನವು ಹಿಂದೆ ಸರಿದವು. ಅಷ್ಟೇ ಕಥೆ.

ಇಷ್ಟು ಸಣ್ಣ ಘಟನೆಯನ್ನ ಇಂಗ್ಲಿಷರು ನೆಲ್ಸನ್‌ನ ಜೀವನಚರಿತ್ರೆಗಳಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಾವು? ಮೈಸೂರಿಗೆ ಹಡಗುಗಳಿದ್ದವು ಅನ್ನೋದೇ ನಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಸುದ್ದಿ.

ಈ ಬರಹದ ಉದ್ದೇಶ ನೆಲ್ಸನ್ ಅಲ್ಲ, ಹೆದರಬೇಡಿ :) ಹಾಯಿ ಹಡಗುಗಳ ಕಾಲದ ಅತ್ಯುತ್ತಮ ನೌಕಾ ಸೇನಾನಿಗಳಲ್ಲಿ ಒಬ್ಬ ನಮ್ಮ ಪಕ್ಕದ ಕೋರಮಂಡಲ ತೀರದಲ್ಲಿ, ಹೈದರನ ಮಿತ್ರನಾಗಿ, ಒಂದೂವರೆ ವರ್ಷದಲ್ಲಿ ಐದು ದೊಡ್ಡ ಯುದ್ಧ ಮಾಡಿದ. ಆದರೂ ಮೈಸೂರಿಗೆ ಸಮುದ್ರ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅನ್ನೋದು ನನ್ನ ಪ್ರಶ್ನೆ. ಉತ್ತರ ಶೌರ್ಯದಲ್ಲೂ ಇಲ್ಲ, ದ್ರೋಹದಲ್ಲೂ ಇಲ್ಲ, ಬಂದರು, ಡಾಕು, ನುರಿತ ಜನ ಇವುಗಳಲ್ಲಿದೆ ಅನ್ನೋದು ನನ್ನ ವಾದ. ಮೈಸೂರಿನ ಇತಿಹಾಸದ ಬಗ್ಗೆ ನಾವು ಆಡೋ ಜಗಳಗಳಲ್ಲಿ ಈ ಮೂರೂ ಬರೋದೇ ಇಲ್ಲ.

ಮೊದಲು ಆ ಕಾಲದ ಯುದ್ಧನೌಕೆ ಅಂದ್ರೆ ಏನು ಅಂತ ಒಂದು ಅಂದಾಜು ಇರಲಿ. 18ನೇ ಶತಮಾನದ ಕೊನೆಯಲ್ಲಿ ನೌಕಾಪಡೆಗಳ ಬೆನ್ನೆಲುಬು ಅಂದ್ರೆ 74 ತೋಪಿನ ಹಡಗು. ತೋಪುಗಳ ಎರಡು ಅಂತಸ್ತು, ಮೂರು ಕೂವೆಮರ, ಆರು-ಏಳುನೂರು ಜನ. ಒಂದೊಂದು ಹಡಗೂ ತೇಲುವ ಕೋಟೆ. ತೋಪುಗಳೆಲ್ಲ ಎಡಬಲ ಪಕ್ಕದಲ್ಲಿರೋದ್ರಿಂದ ಹಡಗುಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತು ಎದುರಾಳಿಯ ಸಾಲಿನ ಮೇಲೆ ಗುಂಡು ಹಾರಿಸೋದು ಆಗಿನ ಕ್ರಮ. ಈ ಸಾಲಿನಲ್ಲಿ ನಿಲ್ಲೋ ಯೋಗ್ಯತೆ ಇರೋ ಹಡಗಿಗಷ್ಟೇ ಲೆಕ್ಕ. 64 ತೋಪಿನದು ಹೇಗೋ ನಡೆಯುತ್ತೆ, 50ರದ್ದು ಕಷ್ಟ, ಅದಕ್ಕಿಂತ ಕೆಳಗಿನದು ಬೇಹು ನೋಡೋಕೆ, ಸುದ್ದಿ ಒಯ್ಯೋಕೆ.

ಈ ಹಡಗುಗಳ ಇನ್ನೊಂದು ಗುಣ ಏನಂದ್ರೆ, ಅವು ಸುಮ್ಮನೆ ನಿಂತಿದ್ರೂ ಹಾಳಾಗ್ತಾ ಇರ್ತವೆ. ಬೆಚ್ಚಗಿನ ಸಮುದ್ರದಲ್ಲಿ ತಳಕ್ಕೆ ಚಿಪ್ಪು, ಪಾಚಿ ಹತ್ತಿ ವೇಗ ಸಾಯುತ್ತೆ. ಮರ ಕೊರೆಯುವ ಹುಳು ಹಲಗೆ ತಿನ್ನುತ್ತೆ. ಹಗ್ಗ ಕೊಳೆಯುತ್ತೆ, ಹಾಯಿ ಹರಿಯುತ್ತೆ. ಯುದ್ಧದಲ್ಲಿ ಕೂವೆಮರ ಮುರಿದರೆ ಅಷ್ಟುದ್ದದ ಇನ್ನೊಂದು ಮರ ಎಲ್ಲಿಂದ ತರ್ತೀರಿ? ಸಾಫ್ಟ್‌ವೇರ್‌ನಲ್ಲಿ ಇರೋರಿಗೆ ಇದು ಬೇಗ ಅರ್ಥ ಆಗುತ್ತೆ. ಕಟ್ಟೋ ಖರ್ಚು ಒಂದು ಸಲದ್ದು, ಮೇಂಟೆನೆನ್ಸ್ ಖರ್ಚು ಸಾಯೋವರೆಗೂ!

ಇನ್ನು ಹೈದರನ ವಿಷಯಕ್ಕೆ ಬರೋಣ. 1763ರಲ್ಲಿ ಬಿದನೂರು ಗೆದ್ದ ಮೇಲೆ ಅವನಿಗೆ ಕರಾವಳಿ ಸಿಕ್ಕಿತು, ಮಂಗಳೂರು, ಹೊನ್ನಾವರ ಎಲ್ಲ. ಒಳನಾಡಿನ ಸಿಪಾಯಿಯಾಗಿ ಬೆಳೆದ ಮನುಷ್ಯ ತಕ್ಷಣ ಹಡಗು ಕಟ್ಟಿಸೋಕೆ ಶುರು ಮಾಡಿದ ಅನ್ನೋದನ್ನ ಗಮನಿಸಬೇಕು. ನಮ್ಮ ಕಡೆಯ ಬಹಳ ರಾಜರಿಗೆ ಹೊಳೆಯದ ವಿಷಯ ಅದು. ಆದರೆ 1768ರಲ್ಲಿ, ಮೊದಲ ಮೈಸೂರು ಯುದ್ಧದ ಹೊತ್ತಿಗೆ, ಏನಾಯಿತು ನೋಡಿ. ಹೈದರ್ ತನ್ನ ನೌಕಾಪಡೆಯ ಮೇಲೆ ಲುತ್ಫ್ ಅಲಿ ಬೇಗ್ ಅನ್ನೋ ಅಶ್ವದಳದ ಅಧಿಕಾರಿಯನ್ನ ತಂದು ಕೂರಿಸಿದ. ಸಮುದ್ರದಲ್ಲೇ ಬದುಕಿದ ಕಪ್ತಾನರಿಗೆ ಕುದುರೆ ಸವಾರ ಬಾಸ್! ಅಸಮಾಧಾನ ಹೊಗೆಯಾಡಿತು. ಮುಂಬಯಿಯಿಂದ ಕಂಪನಿಯ ಹಡಗುಗಳು ಬಂದಾಗ ಹೊನ್ನಾವರದ ಹತ್ತಿರ ಇದ್ದ ಮೈಸೂರಿನ ಕಪ್ತಾನರು ಹಡಗುಗಳ ಸಮೇತ ಆ ಕಡೆ ಸೇರಿಕೊಂಡುಬಿಟ್ಟರು. ಒಂದು ಒಳ್ಳೇ ಯುದ್ಧವೂ ಇಲ್ಲದೆ ಪಡೆ ಮಾಯ.

ಇದನ್ನ ದ್ರೋಹ ಅಂತ ಒಂದೇ ಪದದಲ್ಲಿ ಮುಗಿಸಬಹುದು. ಆದರೆ ತನ್ನ ಕೆಲಸ ಗೊತ್ತಿಲ್ಲದ ಮ್ಯಾನೇಜರ್ ಕೆಳಗೆ ನುರಿತ ಜನ ನಿಲ್ಲಲ್ಲ ಅನ್ನೋದು 1768ರಲ್ಲೂ ನಿಜ, ಈಗಲೂ ನಿಜ.

ಹೈದರ್ ಸುಮ್ಮನಾಗಲಿಲ್ಲ, ಮತ್ತೆ ಕಟ್ಟಿಸಿದ. 1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರು ಯುದ್ಧ. ಬೇಯ್ಲಿಯ ಸೈನ್ಯ ನುಚ್ಚುನೂರಾಗಿದ್ದು ನಿಮಗೆಲ್ಲ ಗೊತ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಅದರ ದೊಡ್ಡ ಚಿತ್ರ ಇದೆ. ಆನೆ, ಕುದುರೆ, ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿ. ಶಾಲೆಯ ಪ್ರವಾಸದಲ್ಲಿ ನೋಡಿದವರು ಮರೆಯೋ ಹಾಗೇ ಇಲ್ಲ. ಆ ಯುದ್ಧ ಆಗಿ ಮೂರೇ ತಿಂಗಳಿಗೆ, ಡಿಸೆಂಬರ್‌ನಲ್ಲಿ, ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಅಲ್ಲಿ ಲಂಗರು ಹಾಕಿದ್ದ ಹೈದರನ ಹಡಗುಗಳನ್ನ ದೋಣಿ ಇಳಿಸಿ ನಾಶ ಮಾಡಿ ಹೋದ. ಇದರ ಚಿತ್ರ ಯಾವ ಗೋಡೆಯ ಮೇಲೂ ಇಲ್ಲ. ಸೋತಿದ್ದನ್ನ ಯಾರು ಬರೆಸ್ತಾರೆ ಹೇಳಿ? ಆದರೆ ಪೊಳ್ಳಿಲೂರಿನಲ್ಲಿ ಸೋತ ಸೈನ್ಯದ ಜಾಗಕ್ಕೆ ಕಂಪನಿ ಬಂಗಾಳದಿಂದ ಹಡಗಿನಲ್ಲಿ ಇನ್ನೊಂದನ್ನ ತಂದಿತು. ಸೇನಾಪತಿ ಐರ್ ಕೂಟ್, ಸೈನಿಕರು, ಹಣ, ಎಲ್ಲ ಸಮುದ್ರದ ಮೇಲೆಯೇ ಮದ್ರಾಸಿಗೆ ಬಂದಿದ್ದು. ಮಂಗಳೂರಿನಲ್ಲಿ ಸುಟ್ಟ ಹಡಗಿನ ಜಾಗಕ್ಕೆ ಹೈದರ್ ಅಷ್ಟು ಬೇಗ ಇನ್ನೊಂದು ತರೋ ಹಾಗಿರಲಿಲ್ಲ.

ಈಗ ಒಂದು ಕ್ಷಣ 1781ರ ಫೆಬ್ರವರಿಗೆ ಬನ್ನಿ, ಕಡಲೂರಿಗೆ. ನನ್ನ ಪ್ರಕಾರ ಮೈಸೂರಿನ ಇತಿಹಾಸದ ಅತಿ ದೊಡ್ಡ 'ಛೆ!' ಇದೇ. ಕೂಟ್‌ನ ಸೈನ್ಯ ಕಡಲೂರಿನಲ್ಲಿ ಸಿಕ್ಕಿಕೊಂಡಿದೆ. ಸುತ್ತಲ ನಾಡನ್ನ ಹೈದರನ ಕುದುರೆಗಳು ಬರಿದು ಮಾಡಿವೆ. ಅನ್ನ ಬರಬೇಕಾದರೆ ಸಮುದ್ರದಿಂದಲೇ ಬರಬೇಕು. ಆ ಸಮುದ್ರದಲ್ಲಿ ಫ್ರೆಂಚ್ ನೌಕಾಪಡೆ ನಿಂತಿದೆ! ಹ್ಯೂಸ್ ಪಶ್ಚಿಮ ತೀರದಲ್ಲಿ ದೂರ ಇದ್ದಾನೆ. ಇನ್ನು ಕೆಲವು ವಾರ ಫ್ರೆಂಚರು ಅಲ್ಲೇ ನಿಂತಿದ್ದರೆ ದಕ್ಷಿಣದಲ್ಲಿ ಕಂಪನಿಗೆ ಉಳಿದಿದ್ದ ದೊಡ್ಡ ಸೈನ್ಯ ಹಸಿವಿನಿಂದ ಶರಣಾಗಬೇಕಿತ್ತು. ಹೈದರ್ ಗೋಗರೆದ. ಆದರೆ ಫ್ರೆಂಚ್ ಸೇನಾನಿ ದೋರ್ವ್ ತನ್ನ ಹಡಗುಗಳನ್ನ ತಿರುಗಿಸಿಕೊಂಡು ಮಾರಿಷಸ್‌ಗೆ ಹೊರಟುಹೋದ. ಕೂಟ್‌ಗೆ ಹಡಗಿನಲ್ಲಿ ಅಕ್ಕಿ ಬಂತು. ಅದೇ ಸೈನ್ಯ ಜುಲೈ 1ರಂದು ಪೋರ್ಟೋ ನೋವೋದಲ್ಲಿ ಹೈದರನನ್ನ ಸೋಲಿಸಿತು.

ದೋರ್ವ್‌ನನ್ನ ಬೈಯೋದು ಸುಲಭ. ಅವನಿಗೆ ಮೈಸೂರು ತನ್ನ ದೇಶವಲ್ಲ, ಅವನ ಹಡಗುಗಳ ಬಂದರು ಇದ್ದಿದ್ದು ಮಾರಿಷಸ್‌ನಲ್ಲಿ, ಅವನು ಉತ್ತರ ಕೊಡಬೇಕಾಗಿದ್ದು ಪ್ಯಾರಿಸ್ಸಿಗೆ. ಎರವಲು ಎತ್ತು ಕಟ್ಟಿ ಹೊಲ ಉಳೋನು ಹದ ಬಂದಾಗ ಎತ್ತು ಬರಲಿಲ್ಲ ಅಂತ ಅತ್ತರೆ ಏನು ಪ್ರಯೋಜನ? ನಮ್ಮ ಇಂಡಸ್ಟ್ರಿ ಭಾಷೆಯಲ್ಲಿ ಹೇಳೋದಾದರೆ ಮೈಸೂರು ತನ್ನ ಸಮುದ್ರವನ್ನ ಔಟ್‌ಸೋರ್ಸ್ ಮಾಡಿತ್ತು :)

ಇಂಥಾ ಹೊತ್ತಲ್ಲಿ ಬಂದವನು ಸುಫ್ರೆನ್.

ಪಿಯೆರ್ ಆಂದ್ರೆ ದ ಸುಫ್ರೆನ್. ದಕ್ಷಿಣ ಫ್ರಾನ್ಸಿನವನು, ವಯಸ್ಸು ಐವತ್ತು ದಾಟಿತ್ತು. ಭಾರೀ ದಪ್ಪ, ಬಾಯಿ ಒರಟು, ಬಟ್ಟೆಬರೆಯ ಮೇಲೆ ಗಮನ ಇಲ್ಲ. ಆದರೆ ಸಮುದ್ರದ ಮೇಲೆ ಹುಲಿ. 1781ರ ಮಾರ್ಚ್‌ನಲ್ಲಿ ಬ್ರೆಸ್ಟ್ ಬಂದರಿನಿಂದ ಐದು ಯುದ್ಧನೌಕೆಗಳ ಜೊತೆ ಹೊರಟ. ದಾರಿಯಲ್ಲಿ ಕೇಪ್ ವರ್ದ್ ದ್ವೀಪದ ಪೋರ್ಟೋ ಪ್ರಾಯಾದಲ್ಲಿ ಒಂದು ಬ್ರಿಟಿಷ್ ಪಡೆ ಲಂಗರು ಹಾಕಿ ನೀರು ತುಂಬಿಸಿಕೊಳ್ತಾ ಇತ್ತು. ಡಚ್ಚರ ಕೈಲಿದ್ದ ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಹಿಡಿಯೋಕೆ ಹೊರಟಿದ್ದ ಪಡೆ ಅದು. ಈತ ಹಿಂದೆ ಮುಂದೆ ನೋಡದೆ ಬಂದರಿನೊಳಕ್ಕೇ ನುಗ್ಗಿ ಹೊಡೆದ. ಬ್ರಿಟಿಷರು ಸಾವರಿಸಿಕೊಳ್ಳೋ ಹೊತ್ತಿಗೆ ಈತ ಮೊದಲೇ ಕೇಪ್ ತಲುಪಿ ಅದನ್ನ ಉಳಿಸಿದ. ಆಮೇಲೆ ಮಾರಿಷಸ್, ಅಲ್ಲಿಂದ ಭಾರತ. 1782ರ ಫೆಬ್ರವರಿಯಲ್ಲಿ ದೋರ್ವ್ ಕಾಯಿಲೆಯಿಂದ ತೀರಿಕೊಂಡು ಪೂರ್ತಿ ಪಡೆ ಸುಫ್ರೆನ್ ಕೈಗೆ ಬಂತು.

ಆಮೇಲೆ ಶುರುವಾಯಿತು ನೋಡಿ. 1782ರ ಫೆಬ್ರವರಿ 17ಕ್ಕೆ ಸದ್ರಾಸ್, ಏಪ್ರಿಲ್ 12ಕ್ಕೆ ಸಿಲೋನ್ ತೀರದ ಪ್ರೊವಿಡಿಯೆನ್, ಜುಲೈ 6ಕ್ಕೆ ನಾಗಪಟ್ಟಣ, ಸೆಪ್ಟೆಂಬರ್ 3ಕ್ಕೆ ಟ್ರಿಂಕೋಮಲಿ, 1783ರ ಜೂನ್ 20ಕ್ಕೆ ಕಡಲೂರು. ಐದೂ ಸಲ ಎದುರಾಳಿ ಅದೇ ಹ್ಯೂಸ್. ಐದೂ ಸಲ ಕಡಲು ರಕ್ತವಾಯಿತು. ಪ್ರೊವಿಡಿಯೆನ್‌ನಲ್ಲಿ ಮಾನ್‌ಮತ್ ಅನ್ನೋ ಒಂದೇ ಬ್ರಿಟಿಷ್ ಹಡಗಿನಲ್ಲಿ 45 ಜನ ಸತ್ತು 102 ಜನಕ್ಕೆ ಗಾಯ ಆಯಿತು, ಎರಡು ಕೂವೆಮರ ಉರುಳಿದವು. ಆದರೂ ಅದು ಶರಣಾಗಲಿಲ್ಲ. ವಿಚಿತ್ರ ಏನು ಗೊತ್ತಾ? ಐದು ಯುದ್ಧಗಳಲ್ಲಿ ಎರಡೂ ಕಡೆಯ ಒಂದೇ ಒಂದು ದೊಡ್ಡ ಹಡಗೂ ಮುಳುಗಲಿಲ್ಲ, ಸೆರೆಯಾಗಲೂ ಇಲ್ಲ.

ಸುಫ್ರೆನ್‌ನ ತಲೆಯಲ್ಲಿದ್ದ ಐಡಿಯಾ ಹೊಸದು. ಎರಡು ಸಾಲುಗಳು ಸಮಾನಾಂತರವಾಗಿ ನಿಂತು ಹೊಡೆದಾಡೋದು ಬಿಟ್ಟು, ಶತ್ರು ಸಾಲಿನ ಹಿಂಭಾಗದ ಮೇಲೆ ಮಾತ್ರ ಎರಗೋದು, ಎರಡೂ ಬದಿಯಿಂದ ಹೊಡೆಯೋದು. ಮುಂದಿನ ಹಡಗುಗಳು ಗಾಳಿ ಹಿಡಿದು ತಿರುಗಿ ಬರೋದರೊಳಗೆ ಹಿಂದಿನವು ಮುಗಿದಿರಬೇಕು. ನೆಲ್ಸನ್ ಮುಂದೆ ಹೆಸರು ಮಾಡಿದ್ದೂ ಶತ್ರುಸಾಲಿನ ಒಂದು ಭಾಗದ ಮೇಲೆ ಇಡೀ ಬಲ ಸುರಿಯೋ ಇದೇ ಜಾತಿಯ ತಂತ್ರಕ್ಕೆ. ಆದರೆ ಸದ್ರಾಸ್‌ನಲ್ಲಿ ಸುಫ್ರೆನ್ ಸಿಗ್ನಲ್ ಹಾರಿಸಿದಾಗ ಅವನ ಅರ್ಧದಷ್ಟು ಕಪ್ತಾನರು ದೂರದಲ್ಲೇ ಉಳಿದರು. ಕೆಲವರಿಗೆ ಅರ್ಥ ಆಗಲಿಲ್ಲ, ಕೆಲವರಿಗೆ ಇಷ್ಟ ಇರಲಿಲ್ಲ. ನಾಗಪಟ್ಟಣದಲ್ಲಿ ಸೆವೇರ್ ಅನ್ನೋ ಹಡಗಿನ ಕಪ್ತಾನ ಶರಣಾಗತಿಗೆ ಬಾವುಟ ಇಳಿಸಿಯೇಬಿಟ್ಟಿದ್ದ. ಕೆಳಗಿನ ಅಧಿಕಾರಿಗಳು ಒಪ್ಪದೆ ಮತ್ತೆ ಏರಿಸಿದರು! ಟ್ರಿಂಕೋಮಲಿಯಲ್ಲಿ ಸುಫ್ರೆನ್‌ನ ಸ್ವಂತ ಹಡಗಿನ ನಡುಕೂವೆ ಮುರಿದು ಬಾವುಟದ ಸಮೇತ ಬಿತ್ತು. ಶರಣಾದ ಅಂತ ಯಾರೂ ತಿಳೀಬಾರದು ಅಂತ, ಇರೋ ಬಿಳಿ ಬಾವುಟ ಎಲ್ಲ ತಂದು ಹಡಗಿನ ತುಂಬ ಕಟ್ಟಿ ಅಂತ ಕೂಗಾಡಿದನಂತೆ. (ಆಗ ಫ್ರೆಂಚ್ ನೌಕಾಪಡೆಯ ಬಾವುಟವೇ ಬಿಳಿ.) ಆ ಯುದ್ಧದ ಆಸುಪಾಸಿನಲ್ಲಿ ಓರಿಯಾಂ ಮತ್ತು ಬಿಜಾರ್ ಅನ್ನೋ ಎರಡು ದೊಡ್ಡ ಹಡಗು ಅವನ ಕೈಬಿಟ್ಟವು. ಶತ್ರು ಹೊಡೆದದ್ದಲ್ಲ, ತಮ್ಮವರ ಎಡವಟ್ಟಿಗೆ ನೆಲಕ್ಕೆ ತಾಗಿ ಹಾಳಾದವು.

ತಪ್ಪೆಲ್ಲ ಕಪ್ತಾನರದ್ದೇ ಅಂತ ಹಳೇ ಪುಸ್ತಕಗಳು ಬರೀತವೆ. ನನಗೆ ಹಾಗನ್ನಿಸಲ್ಲ. ತಲೆಯಲ್ಲಿರೋ ಡಿಸೈನ್ ಟೀಮಿಗೆ ಮೊದಲೇ ಕೂತು ವಿವರಿಸದೆ, ರಿಲೀಸ್ ದಿನ ಕೂಗಾಡೋ ಆರ್ಕಿಟೆಕ್ಟ್‌ಗಳನ್ನ ನಾವೆಲ್ಲ ನೋಡಿದ್ದೀವಿ. ನೆಲ್ಸನ್ ತನ್ನ ಕಪ್ತಾನರನ್ನ ಊಟಕ್ಕೆ ಕರೆದು ಯೋಜನೆ ಹೇಳ್ತಿದ್ದ, ಹೊಗೆ ತುಂಬಿ ಸಿಗ್ನಲ್ ಕಾಣದಿದ್ದರೂ ಅವರಿಗೆ ಏನು ಮಾಡಬೇಕು ಅಂತ ಗೊತ್ತಿರ್ತಿತ್ತು. ಸುಫ್ರೆನ್ ಕೈಲಿ ಆ ಕೆಲಸ ಆಗಲಿಲ್ಲ. ತಂತ್ರ ಅವನೊಬ್ಬನ ತಲೆಯಲ್ಲೇ ಉಳಿಯಿತು.

ಹ್ಯೂಸ್ ಎಂಥವನು? ಹೊಸ ತಂತ್ರ ಇಲ್ಲ, ಹೇಳಿಕೊಳ್ಳೋಂಥ ಕಥೆ ಇಲ್ಲ. ಸಾಲು ಮುರಿಯದಂತೆ ನಿಲ್ಲೋದು, ಹೊಡೆತ ತಿನ್ನೋದು, ಮದ್ರಾಸ್ ಕಾಯೋದು. ತಮಾಷೆ ನೋಡಿ, ಸುಫ್ರೆನ್‌ನ ಮುಖ್ಯ ಹಡಗಿನ ಹೆಸರು ಎರೋ, ಅಂದ್ರೆ ವೀರ. ಹ್ಯೂಸ್‌ನ ಸಾಲಿನಲ್ಲೂ ಹೀರೋ ಅನ್ನೋ 74ರ ಹಡಗೊಂದಿತ್ತು. ಎರಡೂ ಕಡೆ ಹೀರೋ ಇದ್ದರು, ಹಾಗಾಗಿ ಹೀರೋಗಳಿಂದ ಫಲಿತಾಂಶ ಬರಲಿಲ್ಲ :)

ಫಲಿತಾಂಶ ಎಲ್ಲಿಂದ ಬಂತು ಅಂದ್ರೆ ಮುಂಬಯಿಯಿಂದ. ಕೋರಮಂಡಲ ತೀರದಲ್ಲಿ ಸರಿಯಾದ ಬಂದರೇ ಇಲ್ಲ. ಮದ್ರಾಸ್, ಕಡಲೂರು, ಪಾಂಡಿಚೇರಿ ಎಲ್ಲ ಕಡೆ ಬಯಲು ಸಮುದ್ರದಲ್ಲೇ ಲಂಗರು. ಅಕ್ಟೋಬರ್‌ಗೆ ಹಿಂಗಾರು ಶುರುವಾಯಿತು ಅಂದ್ರೆ ದೊಡ್ಡ ಹಡಗುಗಳು ಅಲ್ಲಿ ನಿಲ್ಲೋ ಹಾಗಿಲ್ಲ, ಜಾಗ ಖಾಲಿ ಮಾಡಬೇಕು. 1782ರ ಅಕ್ಟೋಬರ್‌ನಲ್ಲಿ ಹ್ಯೂಸ್ ತನ್ನ ಜರ್ಜರಿತ ಹಡಗುಗಳನ್ನ ಮುಂಬಯಿಗೆ ಒಯ್ದ. ಅಲ್ಲಿ ಸೂರತ್ತಿನಿಂದ ಬಂದ ಪಾರ್ಸಿ ವಾಡಿಯಾ ಮನೆತನದವರು ನಡೆಸುತ್ತಿದ್ದ ಡಾಕ್‌ಯಾರ್ಡ್ ಇತ್ತು, 1750ರ ಹೊತ್ತಿನಿಂದಲೇ ಒಣ ಡಾಕ್ ಇತ್ತು. ಹಡಗನ್ನ ಒಳಕ್ಕೆ ತಂದು ಬಾಗಿಲು ಮುಚ್ಚಿ ನೀರು ಖಾಲಿ ಮಾಡಿದರೆ ತಳವೆಲ್ಲ ಕಣ್ಣೆದುರು. ಕೆರೆದು, ಹಲಗೆ ಬದಲಿಸಿ, ಬಿರುಕಿಗೆ ಟಾರು ತುಂಬಿ ಹೊಸದು ಮಾಡಬಹುದು. ಮರ ಮಲಬಾರಿನ ಸಾಗುವಾನಿ, ಕೈ ತಲೆಮಾರುಗಳಿಂದ ಪಳಗಿದ ಬಡಗಿಗಳದ್ದು.

ಸುಫ್ರೆನ್‌ಗೆ ಏನಿತ್ತು? ಸಣ್ಣ ಹಡಗುಗಳ ಕೂವೆ ಕಿತ್ತು ದೊಡ್ಡದಕ್ಕೆ ನೆಡ್ತಿದ್ದ. ಕೆಲವು ಹಡಗಿನ ತಳಕ್ಕೆ ತಾಮ್ರದ ಹೊದಿಕೆ ಇತ್ತು, ಕೆಲವಕ್ಕೆ ಇಲ್ಲ, ಹಾಗಾಗಿ ಒಂದು ವೇಗವಾಗಿ ಓಡಿದರೆ ಇನ್ನೊಂದು ತೆವಳ್ತಿತ್ತು. 1782ರ ಆಗಸ್ಟ್ ಕೊನೆಯಲ್ಲಿ ಹ್ಯೂಸ್ ಬರೋದರೊಳಗೆ ಟ್ರಿಂಕೋಮಲಿ ಹಿಡಿದು ಒಂದು ಅದ್ಭುತ ಸಹಜ ಬಂದರು ಸಂಪಾದಿಸಿದ. ಇದು ಅವನ ಅತಿ ಜಾಣ ಕೆಲಸ ಅಂತ ನನ್ನ ಅಭಿಪ್ರಾಯ. ಆದರೆ ಬಂದರು ಇದ್ದರೆ ಡಾಕ್ ಇದ್ದ ಹಾಗಲ್ಲ. ಅಷ್ಟೆಲ್ಲ ಆಗಿ ಆ ಮಳೆಗಾಲ ಕಳೆಯೋಕೆ ಅವನು ಸುಮಾತ್ರಾದ ಅಚೆಗೆ ಹೋಗಬೇಕಾಯಿತು. ಹ್ಯೂಸ್ ವರ್ಕ್‌ಶಾಪಿನಲ್ಲಿ, ಸುಫ್ರೆನ್ ರಸ್ತೆ ಬದಿಯಲ್ಲಿ ಜಾಕ್ ಹಾಕಿಕೊಂಡು. ಹೀಗಿತ್ತು ವ್ಯತ್ಯಾಸ.

1782ರ ಜುಲೈ ಕೊನೆಯಲ್ಲಿ ಸುಫ್ರೆನ್ ಮತ್ತು ಹೈದರ್ ಕಡಲೂರಿನಲ್ಲಿ ಭೇಟಿಯಾದರು. ಇಬ್ಬರೂ ಒರಟರು, ಇಬ್ಬರೂ ಸ್ವಂತ ಸಾಮರ್ಥ್ಯದ ಮೇಲೆ ಬಂದವರು, ಪರಸ್ಪರ ಮೆಚ್ಚಿಕೊಂಡರು. ಹೈದರ್ ಬಗ್ಗೆ ವಿಲ್ಕ್ಸ್ ಅನ್ನೋ ಬ್ರಿಟಿಷ್ ಅಧಿಕಾರಿ ಒಂದು ಮಾತು ದಾಖಲಿಸಿದ್ದಾನೆ. ಬೇಯ್ಲಿಯಂಥವರನ್ನ ಎಷ್ಟು ಸಲ ಸೋಲಿಸಿದರೂ ಇವರು ಮುಗಿಯೋರಲ್ಲ, ನೆಲದ ಮೇಲೆ ಇವರನ್ನ ಹಾಳು ಮಾಡಬಲ್ಲೆ, ಆದರೆ ಸಮುದ್ರವನ್ನ ಬತ್ತಿಸಲಾರೆ ಅನ್ನೋ ಅರ್ಥದಲ್ಲಿ ಹೈದರ್ ತನ್ನ ಮಂತ್ರಿ ಪೂರ್ಣಯ್ಯನ ಹತ್ತಿರ ಹೇಳಿದನಂತೆ. ವಿಲ್ಕ್ಸ್ ಗೆದ್ದವರ ಕಡೆಯವನು, ಆಮೇಲೆ ಬರೆದವನು, ಆದ್ದರಿಂದ ಮಾತು ಅಕ್ಷರಶಃ ಹೀಗೇ ಇತ್ತು ಅಂತ ಆಣೆ ಮಾಡೋಕಾಗಲ್ಲ. ಆದರೆ ಮಂಗಳೂರಿನಲ್ಲಿ ಹಡಗು ಕಳಕೊಂಡ, ದೋರ್ವ್‌ನ ಬೆನ್ನು ನೋಡಿದ ಮನುಷ್ಯನಿಗೆ ಈ ಸತ್ಯ ಹೊಳೆಯದೇ ಇರೋಕೆ ಸಾಧ್ಯವೂ ಇಲ್ಲ.

1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಮುಂದಿನ ತಿಂಗಳೇ ಸಮುದ್ರ ತನ್ನ ಕೆಲಸ ತೋರಿಸಿತು. ಮುಂಬಯಿಯ ಜನರಲ್ ಮ್ಯಾಥ್ಯೂಸ್ ಹಡಗಿನಲ್ಲಿ ಬಂದು ನಮ್ಮ ಉತ್ತರ ಕನ್ನಡದ ತೀರದಲ್ಲಿ ಇಳಿದು, ಘಟ್ಟ ಹತ್ತಿ, 1783ರ ಜನವರಿಯಲ್ಲಿ ಬಿದನೂರು ಹಿಡಿದುಬಿಟ್ಟ. ಮೈಸೂರಿನ ಮುಖ್ಯ ಸೈನ್ಯ ಪೂರ್ವದಲ್ಲಿದೆ, ಶತ್ರು ಪಶ್ಚಿಮದ ಹಿತ್ತಿಲ ಬಾಗಿಲಿಂದ ಒಳಗೆ! ಟಿಪ್ಪು ಎಲ್ಲ ಬಿಟ್ಟು ಓಡಿಬಂದು ಬಿದನೂರನ್ನ ವಾಪಸ್ ಗೆದ್ದು ಮಂಗಳೂರಿಗೆ ಮುತ್ತಿಗೆ ಹಾಕಿದ. ಗೆದ್ದ ಅನ್ನೋದು ನಿಜ. ಆದರೆ ಅದೇ ಜೂನ್‌ನಲ್ಲಿ ಕಡಲೂರಿನಲ್ಲಿ ಫ್ರೆಂಚ್ ಜನರಲ್ ಬುಸಿಯನ್ನ ಬ್ರಿಟಿಷರು ಸುತ್ತುವರಿದಾಗ ಮೈಸೂರಿನ ಮುಖ್ಯ ಸೈನ್ಯ ಅಲ್ಲಿರಲಿಲ್ಲ.

ಆಗಲೂ ಸುಫ್ರೆನ್ ಬಂದ. ಹ್ಯೂಸ್ ಹತ್ತಿರ 18 ದೊಡ್ಡ ಹಡಗು, ಇವನದ್ದು 15. ನಾವಿಕರು ಸಾಲದೆ ಕಡಲೂರಿನ ಕೋಟೆಯಿಂದ 1,200 ಜನರನ್ನ ಹತ್ತಿಸಿಕೊಂಡ. ಹ್ಯೂಸ್ ಕಡೆ ಸ್ಕರ್ವಿ ರೋಗ ಜನರನ್ನ ಮಲಗಿಸಿತ್ತು. (ನಿಂಬೆ ಜಾತಿಯ ಹಣ್ಣು ಸ್ಕರ್ವಿಗೆ ಮದ್ದು ಅಂತ ಜೇಮ್ಸ್ ಲಿಂಡ್ 1747ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದ, ಬ್ರಿಟಿಷ್ ನೌಕಾಪಡೆ ಅದನ್ನ ಎಲ್ಲರಿಗೂ ಕೊಡೋಕೆ ಒಪ್ಪಿದ್ದು 1795ರಲ್ಲಿ. ಪ್ರೊಸೆಸ್ ನಿಧಾನ ಅನ್ನೋದು ಹೊಸ ಕಾಯಿಲೆ ಅಲ್ಲ!) ಜೂನ್ 20ರಂದು ಯುದ್ಧ. ಎರಡೂ ಕಡೆ ನೂರು ನೂರು ಜನ ಸತ್ತರು. ಹ್ಯೂಸ್ ಮದ್ರಾಸಿಗೆ ಸರಿದ. ಸಮುದ್ರ ಕೊನೆಗೂ ಸುಫ್ರೆನ್‌ನದಾಯಿತು. ಜೂನ್ 29ಕ್ಕೆ ಮೀಡಿಯಾ ಅನ್ನೋ ಹಡಗು ಶಾಂತಿ ಬಾವುಟ ಹಾರಿಸಿಕೊಂಡು ಬಂತು. ಯುರೋಪಿನಲ್ಲಿ ಜನವರಿ 20ಕ್ಕೇ ಒಪ್ಪಂದಕ್ಕೆ ಸಹಿ ಬಿದ್ದಿತ್ತು! ಐದು ತಿಂಗಳ ಹಿಂದೆ ಮುಗಿದ ಯುದ್ಧಕ್ಕೆ ಆ ಇನ್ನೂರು ಜನ ಸತ್ತಿದ್ದು.

ಆ ಒಪ್ಪಂದದ ಮೇಜಿನಲ್ಲಿ ಮೈಸೂರು ಇರಲಿಲ್ಲ. ಮಂಗಳೂರು ಮುತ್ತಿಗೆಯಲ್ಲಿ ಟಿಪ್ಪು ಜೊತೆಗಿದ್ದ ಫ್ರೆಂಚರು ಸುದ್ದಿ ಬಂದ ತಕ್ಷಣ ಕೈ ಎತ್ತಿಬಿಟ್ಟರು. ಟಿಪ್ಪು ಒಂಟಿಯಾಗಿ ಮುಂದುವರಿಸಿದ, 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದ ಆಯಿತು. ಎರವಲು ಎತ್ತು ತನ್ನ ಕೊಟ್ಟಿಗೆಗೆ ಹೋಗಿತ್ತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸುಫ್ರೆನ್ ಕೊನೆಗೆ ಗೆದ್ದನಲ್ಲ, ಶಾಂತಿಯ ಸುದ್ದಿ ಇನ್ನು ಆರು ತಿಂಗಳು ತಡವಾಗಿದ್ದರೆ ಕಥೆಯೇ ಬೇರೆ ಆಗ್ತಿತ್ತಲ್ಲ ಅಂತ. ಇರಬಹುದು, ಕಡಲೂರಿನ ಬ್ರಿಟಿಷ್ ಸೈನ್ಯ ಕಷ್ಟದಲ್ಲಿದ್ದಿದ್ದು ನಿಜ. ಆದರೆ ಆರು ತಿಂಗಳ ಒಳಗೆ ಅಕ್ಟೋಬರ್ ಬರ್ತಿತ್ತು, ಹಿಂಗಾರು ಬರ್ತಿತ್ತು, ಮತ್ತೆ ಹ್ಯೂಸ್ ಮುಂಬಯಿ ಡಾಕಿಗೆ, ಸುಫ್ರೆನ್ ಇನ್ನೆಲ್ಲಿಗೋ. ಒಂದು ಯುದ್ಧ ಗೆಲ್ಲೋಕೆ ಸೇನಾನಿ ಸಾಕು. ಪ್ರತೀ ವರ್ಷ ವಾಪಸ್ ಬಂದು ನಿಲ್ಲೋಕೆ ಡಾಕ್ ಬೇಕು.

ಇನ್ನೊಂದು ಆಕ್ಷೇಪ: ಟಿಪ್ಪುವಿಗೆ ಇದೆಲ್ಲ ಅರ್ಥ ಆಗಿತ್ತಲ್ಲ? ಆಗಿತ್ತು, ನಾನು ಒಪ್ತೀನಿ. 1787ರಲ್ಲಿ ಪ್ಯಾರಿಸ್ಸಿಗೆ ರಾಯಭಾರಿಗಳನ್ನ ಕಳಿಸಿದಾಗ ಸೈನಿಕರ ಜೊತೆ ಕುಶಲಕರ್ಮಿಗಳನ್ನೂ ಕೇಳಿದ್ದ. 1796ರಲ್ಲಿ ನೌಕಾಪಡೆಗೆ ಅಂತಲೇ ಒಂದು ಮಂಡಳಿ ಮಾಡಿ, ಸುಮಾರು 40 ದೊಡ್ಡ ಯುದ್ಧನೌಕೆ ಕಟ್ಟೋಕೆ ವಿವರವಾದ ಹುಕುಂ ಹೊರಡಿಸಿದ. ಡಾಕ್‌ಯಾರ್ಡ್, ಅಧಿಕಾರಿಗಳ ದರ್ಜೆ, ಸಂಬಳ, ಎಲ್ಲ ಬರೆದಿದ್ದ. ಓದಿದರೆ ಒಳ್ಳೇ ಪ್ರಾಜೆಕ್ಟ್ ಪ್ಲಾನ್ ಥರ ಇದೆ. ಆದರೆ ಅಷ್ಟರಲ್ಲಿ 1792ರ ಒಪ್ಪಂದದಲ್ಲಿ ಮಲಬಾರ್ ಕೈಬಿಟ್ಟು ಹೋಗಿತ್ತು, ಅಂದ್ರೆ ಸಾಗುವಾನಿ ಕಾಡೂ ಹೋಗಿತ್ತು. ಹಣ ದಂಡಕ್ಕೆ ಹೋಗಿತ್ತು. ಉಳಿದಿದ್ದು ಮೂರೇ ವರ್ಷ. 74 ತೋಪಿನ ಹಡಗು ಒಂದೆರಡು ವರ್ಷದಲ್ಲಿ ಕಟ್ಟಬಹುದು, ಅದನ್ನ ನಡೆಸೋ ಕಪ್ತಾನನನ್ನ ಕಟ್ಟೋಕೆ ಇಪ್ಪತ್ತು ವರ್ಷ ಬೇಕು. ನೆಲ್ಸನ್ 12 ವರ್ಷದ ಹುಡುಗನಾಗಿ ನೌಕಾಪಡೆ ಸೇರಿದ್ದ. ಹುಕುಂನಿಂದ ಅನುಭವ ಬರಲ್ಲ. ಈ ಕೆಲಸ 1763ರಲ್ಲೇ ಶುರುವಾಗಿ, 1768ರಲ್ಲಿ ಕುದುರೆ ಸವಾರನ ಬದಲು ಒಬ್ಬ ನಾವಿಕನ ಕೈಲಿ ಮುಂದುವರಿದಿದ್ದರೆ... ಅಂತ ನನಗನ್ನಿಸುತ್ತೆ.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದ್ರೆ, ಮೈಸೂರಿನ ಈ ಕಾಲದ ಬಗ್ಗೆ ನಾವು ಕನ್ನಡಿಗರು ಮಾತಾಡೋ ರೀತಿ ನೋಡಿ ಬೇಜಾರಾಗಿದೆ. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ನಡುವೆ ಆನ್‌ಲೈನ್‌ನಲ್ಲಿ ನಡೆದ ಜಗಳಕ್ಕೆ ಲೆಕ್ಕ ಇಲ್ಲ. ಒಬ್ಬರಿಗೆ ಆತ ಹುತಾತ್ಮ, ಇನ್ನೊಬ್ಬರಿಗೆ ಮತಾಂಧ. ಆ ಪ್ರಶ್ನೆಗಳು ಮುಖ್ಯವಲ್ಲ ಅಂತ ನಾನು ಹೇಳ್ತಿಲ್ಲ. ಕೊಡಗಿನವರಿಗೆ, ಕರಾವಳಿಯ ಕ್ರೈಸ್ತರಿಗೆ, ಮೇಲುಕೋಟೆಯವರಿಗೆ ಅದು ಮನೆಯ ನೆನಪು, ದೂರದಲ್ಲಿ ಕೂತು ನಾನು ತಳ್ಳಿಹಾಕೋ ವಿಷಯವಲ್ಲ. ಆದರೆ ಎರಡೂ ಕಡೆಯವರು ನೋಡೋದು ಕುದುರೆ ಮೇಲೆ ಕೂತ ಒಬ್ಬ ಮನುಷ್ಯನನ್ನ ಮಾತ್ರ. ಅವನು ಒಳ್ಳೆಯವನೋ ಕೆಟ್ಟವನೋ ಅಂತ ತೀರ್ಮಾನ ಆದರೆ ಇತಿಹಾಸ ಮುಗೀತು ಅನ್ನೋ ಹಾಗೆ. ಅಷ್ಟು ಬಲಿಷ್ಠ ಸೈನ್ಯ, ರಾಕೆಟ್ಟು, ಒಳ್ಳೇ ಕಂದಾಯ ವ್ಯವಸ್ಥೆ ಇದ್ದ ರಾಜ್ಯ ಯಾಕೆ ಬಿತ್ತು ಅಂದ್ರೆ ಒಂದು ಕಡೆಯವರು ಮೀರ್ ಸಾದಿಕ್ ಹೆಸರು ಹೇಳ್ತಾರೆ, ಇನ್ನೊಂದು ಕಡೆಯವರು ಕರ್ಮ ಅಂತಾರೆ. ಮೂವತ್ತು ವರ್ಷ ಅಕ್ಕಿ, ಸಿಪಾಯಿ, ಹಣ ಎಲ್ಲ ಶತ್ರುವಿಗೆ ಸಮುದ್ರದಿಂದ ಬರ್ತಾನೇ ಇತ್ತು, ಅದನ್ನ ತಡೆಯೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ ಅನ್ನೋದು ಯಾರ ಬಾಯಲ್ಲೂ ಬರಲ್ಲ.

ಶ್ರೀರಂಗಪಟ್ಟಣಕ್ಕೆ ಬಸ್ಸುಗಟ್ಟಲೆ ಮಕ್ಕಳು ಹೋಗ್ತಾರೆ. ಮಂಗಳೂರಿನ ಬೋಳೂರಿನಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇದೆ, ಶತ್ರು ಹಡಗು ಗುರುಪುರ ನದಿಯೊಳಗೆ ಬರದಂತೆ ಕಾಯೋಕೆ ಕಟ್ಟಿದ ಬುರುಜು. ಅಲ್ಲಿ ನಿಂತು ಮಕ್ಕಳಿಗೆ 1768 ಮತ್ತು 1780ರ ಕಥೆ ಹೇಳಬೇಕು. ಕಾರವಾರದಲ್ಲಿ ಇವತ್ತು ಭಾರತೀಯ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಇದೆ, 2005ರಲ್ಲಿ ಶುರುವಾದದ್ದು. ಅದೇ ತೀರದ ನೆಲೆ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ಬೇಕಾ?

ಸುಫ್ರೆನ್‌ನನ್ನ ಫ್ರಾನ್ಸ್ ಮರೆತಿಲ್ಲ, ಅವರ ಇವತ್ತಿನ ಅಣುಶಕ್ತಿ ಸಬ್‌ಮರೀನ್ ಒಂದಕ್ಕೆ ಅವನ ಹೆಸರೇ ಇದೆ. ಶತ್ರುಗಳೂ ಮೆಚ್ಚಿದ್ದರು. ಅವನು ಊರಿಗೆ ವಾಪಸ್ ಹೋಗುವಾಗ ಕೇಪ್‌ನಲ್ಲಿ, ತನ್ನ ಜೊತೆ ಹೊಡೆದಾಡಿದ್ದ ಬ್ರಿಟಿಷ್ ಕಪ್ತಾನರೇ ಬಂದು ಗೌರವ ಸಲ್ಲಿಸಿದರು. ಹ್ಯೂಸ್‌ನನ್ನ ಯಾರೂ ಅಷ್ಟಾಗಿ ನೆನೆಯಲ್ಲ. ಅವನನ್ನ ಗೆಲ್ಲಿಸಿದ ಮುಂಬಯಿಯ ಬಡಗಿಗಳನ್ನಂತೂ ಕೇಳೋದೇ ಬೇಡ.

ಅವರ ಕೈಕೆಲಸ ನೋಡಬೇಕು ಅನ್ನೋರಿಗೆ ಒಂದು ಜಾಗ ಹೇಳಿ ಮುಗಿಸ್ತೀನಿ. ನೆಲ್ಸನ್‌ನ ವಿಕ್ಟರಿ ಹಡಗನ್ನ ನೋಡೋಕೆ ಪೋರ್ಟ್ಸ್‌ಮತ್‌ಗೆ ಎಲ್ಲರೂ ಹೋಗ್ತಾರೆ. ಅದು 1922ರಿಂದ ಒಣ ಡಾಕಿನಲ್ಲಿ ನಿಂತಿದೆ, ನೀರಿನ ಮೇಲಲ್ಲ. ಇಂಗ್ಲೆಂಡಿನ ಈಶಾನ್ಯದ ಹಾರ್ಟ್ಲ್‌ಪೂಲ್‌ನಲ್ಲಿ ಇನ್ನೊಂದು ಹಾಯಿ ಯುದ್ಧನೌಕೆ ಇದೆ. ಅದು ಇವತ್ತಿಗೂ ನೀರಿನಲ್ಲಿ ತೇಲ್ತಿದೆ. 1817ರಲ್ಲಿ ಮುಂಬಯಿಯ ಅದೇ ಡಾಕ್‌ಯಾರ್ಡಿನಲ್ಲಿ, ಅದೇ ವಾಡಿಯಾ ಮನೆತನದವರು, ಮಲಬಾರಿನ ಸಾಗುವಾನಿಯಲ್ಲಿ ಕಟ್ಟಿದ ಹಡಗು. ಹೆಸರು ಟ್ರಿಂಕೋಮಲಿ. ಇನ್ನೂರು ವರ್ಷ ದಾಟಿದೆ, ಮರ ಇನ್ನೂ ಗಟ್ಟಿ. ಹೋದರೆ ತೋಪುಗಳನ್ನಷ್ಟೇ ನೋಡಿ ಬರಬೇಡಿ, ಹಲಗೆಯ ಮೇಲೂ ಸ್ವಲ್ಪ ಕೈಯಾಡಿಸಿ. ಮೈಸೂರಿಗೆ ಇಲ್ಲದೇ ಹೋದದ್ದು ಏನು ಅನ್ನೋದು ಕೈಗೇ ತಾಗುತ್ತೆ.

ನಿಮಗೇನನ್ನಿಸುತ್ತೆ? ಬೈಯೋರೂ ಬರೀಬಹುದು, ಆದರೆ ದಯವಿಟ್ಟು ಸಮುದ್ರದ ಬಗ್ಗೆಯೇ ಬೈಯಿರಿ :)